ಕಸದ ಡಬ್ಬಿ ಎಲ್ಲಿ?

ಅಡುಗೆಮನೆ ಹೊಸದಾಗಿ ಮಾಡಿಸೋಣ ಎಂದು ಡಿಸೈನರ್ ಒಬ್ಬನನ್ನು ಕರೆಸಿದ್ದೆವು. ಅವನು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿ ಚಿತ್ರ ತೋರಿಸಿದ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಕಪಾಟುಗಳ ಕೆಳಗೆ ಬೆಳಕಿನ ಪಟ್ಟಿ. ಕಟ್ಟೆಯ ಮೇಲೆ ಒಂದೇ ಒಂದು ಹೂದಾನಿ. ದೊಡ್ಡ ಕಿಟಕಿಯೂ ಇತ್ತು. ನಮ್ಮ ಮನೆಯಲ್ಲಿ ಆ ಗೋಡೆಗೆ ಕಿಟಕಿಯೇ ಇಲ್ಲ. ಹೋಗಲಿ ಬಿಡಿ. ನಾನು ಎರಡು ಸಲ ಕಣ್ಣಾಡಿಸಿ ಕೇಳಿದೆ: "ಕಸದ ಡಬ್ಬಿ ಎಲ್ಲಿ?"

ಸಂಗೀತ ಕಚೇರಿಯ ಮಧ್ಯೆ ಸೀನಿದವನನ್ನು ನೋಡುವ ಹಾಗೆ ಅವನು ನನ್ನನ್ನು ನೋಡಿದ. "ಅದು ಎಲ್ಲಾದ್ರೂ ಬರುತ್ತೆ ಸರ್" ಎಂದ.

ನನಗೆ ರೇಗಿದ್ದು ಆ 'ಎಲ್ಲಾದ್ರೂ'ಗೆ. ದಿನಕ್ಕೆ ನಲವತ್ತು ಸಲ ಕೈ ಹೋಗುವ ಜಾಗ ಅದು. ಅವನೋ ತ್ರಿಕೋನದ ಪಾಠ ಶುರು ಮಾಡಿದ. ಒಲೆ, ಸಿಂಕು, ಫ್ರಿಜ್ಜು ಅದರ ಮೂರು ಮೂಲೆಗಳು. ಒಂದೊಂದರ ನಡುವೆ 4ರಿಂದ 9 ಅಡಿ, ಮೂರೂ ಸೇರಿ 26 ಅಡಿ ಮೀರಬಾರದು. ಸರಿಯಪ್ಪ, ಒಪ್ಪಿದೆ. ಆದರೆ ಒದ್ದೆ ಸಿಪ್ಪೆ ಹಿಡಿದು, ನೀರು ತೊಟ್ಟಿಕ್ಕಿಸುತ್ತಾ, ಬಾಗಿಲ ಹಿಂದಿನ ಡಬ್ಬಿಯವರೆಗೆ ನಡೆಯುವವನು ಯಾವ ತ್ರಿಕೋನಕ್ಕೆ ಸೇರಿದವನು?

ಆ ಸಿಟ್ಟಿನಲ್ಲೇ ರಾತ್ರಿ ಕೂತು ಒಂದಷ್ಟು ಓದಿದೆ. ಓದುತ್ತಾ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಸಿಕ್ಕರು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಸಾಮಾನ್ಯ ಜನರ ಮನೆಗಳಿಗೆಂದು ಅಡುಗೆಮನೆಯ ನಕ್ಷೆ ಹಾಕಿದವರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಮೂರೂವರೆಯ ಒಳಗೆ. ರೈಲಿನ ಊಟದ ಬೋಗಿಯಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಜನಕ್ಕೆ ಬೇಯಿಸುವುದನ್ನು ನೋಡಿ ಹೊಳೆದದ್ದಂತೆ. ಅಂಥವು ಸುಮಾರು 10,000 ಕಟ್ಟಿದರು. ಹಿಟ್ಟಿನ ಡ್ರಾಯರಿಗೆ ಓಕ್ ಮರ, ಹುಳ ಬೀಳದಿರಲಿ ಎಂದು. ಹೆಚ್ಚುವ ಜಾಗಕ್ಕೆ ಬೀಚ್ ಮರ. ಬಣ್ಣ ನೀಲಿ, ನೊಣಗಳಿಗೆ ನೀಲಿ ಆಗುವುದಿಲ್ಲ ಎಂಬ ನಂಬಿಕೆಯಿಂದ. ನೊಣಗಳನ್ನು ಕೇಳಿದ್ದರೋ ಇಲ್ಲವೋ! ಇಷ್ಟೆಲ್ಲ ಯೋಚಿಸಿದಾಕೆಗೆ ಅಡುಗೆ ಮಾಡಿಯೇ ಗೊತ್ತಿರಲಿಲ್ಲವಂತೆ, ಅದನ್ನು ಅವರೇ ಹೇಳಿಕೊಂಡಿದ್ದಾರೆ. ನಾಜಿಗಳ ವಿರುದ್ಧ ಕೆಲಸ ಮಾಡಿ 1941ರಿಂದ 1945ರವರೆಗೆ ಜೈಲಿನಲ್ಲಿದ್ದರು. ಶಿಶುವಿಹಾರಗಳ ನಕ್ಷೆ ಹಾಕಿದರು. 102 ವರ್ಷ ಬದುಕಿದರು. ಆದರೂ ಬಂದವರೆಲ್ಲ ಕೇಳುತ್ತಿದ್ದದ್ದು ಅದೇ ಅಡುಗೆಮನೆಯ ಬಗ್ಗೆ. ಕೊನೆಗೆ ಅವರಿಗೆ ಅದರ ಹೆಸರೆತ್ತಿದರೇ ಸಿಟ್ಟು ಬರುತ್ತಿತ್ತಂತೆ. ಬರದೆ ಇನ್ನೇನು ಪಾಪ. ಈಗ ನಾನೂ ಅದನ್ನೇ ಮಾಡುತ್ತಿದ್ದೇನೆ.

ಆದರೆ ಕೇಳಿ. ಆ ಅಡುಗೆಮನೆಯಲ್ಲಿ ಕಿಟಕಿಯ ಮುಂದೆ ಹೆಚ್ಚುವ ಕಟ್ಟೆ. ಎದುರಿಗೆ ಕೂರಲು ಒಂದು ಸ್ಟೂಲು. ಆ ಕಟ್ಟೆಗೇ ಸೇರಿಸಿದ್ದು ಕಸದ ಡ್ರಾಯರು! ಹೆಚ್ಚಿದ್ದೇ ಸಿಪ್ಪೆಯನ್ನು ಅಂಗೈಯಿಂದ ಸರಕ್ಕನೆ ತಳ್ಳಿದರೆ ಒಳಗೆ. ತುಂಬಿದಾಗ ಡ್ರಾಯರನ್ನೇ ಎಳೆದು ತೆಗೆದು ಸುರಿದು ಬರುವುದು. ಒಲೆ ಹಚ್ಚಿ ಅಭ್ಯಾಸವಿಲ್ಲದವರಿಗೆ ಹೊಳೆದದ್ದು ಇವನಿಗೆ ಯಾಕೆ ಹೊಳೆಯಲಿಲ್ಲ?

ಮರುದಿನ ಫೋನ್ ಮಾಡಿ ಎಲ್ಲ ವಿವರಿಸಿದೆ. "1926? ಅದು ಹಳೇ ಸ್ಟೈಲ್ ಆಯ್ತು ಸರ್" ಎಂದ.

ಪಟ್ಟು ಬಿಡಲಿಲ್ಲ. ಸಿಂಕಿನ ಕೆಳಗೆ ಹೊರಕ್ಕೆ ಎಳೆಯುವ ಡಬ್ಬಿ ಕೊಟ್ಟ. ಅಲ್ಲಿ ನೀರು ಹೋಗುವ ಕೊಳವೆ ಬಾಗಿಕೊಂಡು ಅಡ್ಡ ನಿಂತಿದೆ ಎಂದೆ. ಪಕ್ಕಕ್ಕೆ ಸರಿಸಿದ. ಆಗ ಡಬ್ಬಿ ಎಳೆದರೆ ಮೂಲೆಯ ಡ್ರಾಯರಿನ ಹಿಡಿಗೆ ಢೀ. ಚಿತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಚಿತ್ರದಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿರುತ್ತವೆ. ಒದ್ದೆ ಬಟ್ಟೆ ಎಲ್ಲೂ ನೇತಾಡುವುದಿಲ್ಲ. ಮಿಕ್ಸಿಗೆ ವೈರೇ ಇರುವುದಿಲ್ಲ. ಅಂಥ ಮನೆಯಲ್ಲಿ ಯಾರು ವಾಸ ಮಾಡುತ್ತಾರೋ, ಅವರಿಗೆ ಹಸಿವಾಗುತ್ತದೋ ಇಲ್ಲವೋ.

ಕಟ್ಟೆಯ ಎತ್ತರದ ಜಗಳ ಬೇರೆ. ಅವನ ಲೆಕ್ಕ 36 ಇಂಚು, ಎಲ್ಲರಿಗೂ ಅಷ್ಟೇ. ನನ್ನ ಹೆಂಡತಿ ನನಗಿಂತ ಒಂದು ಗೇಣು ಗಿಡ್ಡ. ಕಟ್ಟೆ ಮೊಣಕೈಗಿಂತ ನಾಲ್ಕಾರು ಇಂಚು ಕೆಳಗಿರಬೇಕು ಅಂತಾರೆ. ಯಾರ ಮೊಣಕೈ ಎಂದು ಯಾರೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಇದು ಎರಡು ಸಂಜೆ ನಡೆಯಿತು. ಅವಳ ಮೊಣಕೈ ಗೆದ್ದಿತು.

ಡಬ್ಬಿಯ ಗಲಾಟೆಯನ್ನು ಅವಳು ಅಷ್ಟೂ ದಿನ ಸುಮ್ನೆ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು: "ಎಲ್ಲಿಟ್ಟರೇನು, ತುಂಬಿದಾಗ ಹೊರಗೆ ಹಾಕೋದು ಯಾರು, ಅದನ್ನು ಹೇಳಿ." ಅದು ನಕ್ಷೆಗೆ ಸಂಬಂಧಪಟ್ಟ ವಿಷಯವಲ್ಲ ಎಂದೆ.

ಈಗ ನಾನೇ ಅಡುಗೆಮನೆಯ ನೆಲದ ಮೇಲೆ ಟೇಪು ಅಂಟಿಸಿದ್ದೇನೆ. ಮುಚ್ಚಿದ ಡ್ರಾಯರು ಇಷ್ಟು, ತೆರೆದರೆ ಇಷ್ಟು, ನಿಲ್ಲಲು ಇಷ್ಟು. ಎಲ್ಲರೂ ಕುಂಟೆಬಿಲ್ಲೆ ಆಡುವವರ ಹಾಗೆ ಗೆರೆ ದಾಟಿ ಓಡಾಡುತ್ತಿದ್ದಾರೆ. ಹೊಸ ಫ್ರಿಜ್ಜಿಗೆಂದು ಗುರುತು ಹಾಕಿದ ಚೌಕದ ನಟ್ಟನಡುವೆ ಯಾರೋ ಹಳೆಯ ಕಸದ ಡಬ್ಬಿ ತಂದಿಟ್ಟಿದ್ದಾರೆ. ವಾರವಾಯಿತು, ಅಲ್ಲೇ ಇದೆ. ಕೈಗೆ ಚೆನ್ನಾಗಿ ಸಿಗುತ್ತೆ.