ಚಕ್ರ ತಿರುಗತ್ತೆ ಸಾರ್!

ಹಳೇ ಹೊಲಿಗೆ ಮಷೀನು ಮಾರುವವರಿಗೆಲ್ಲ ಫೋಟೊ ತೆಗೆಯೋದು ಕಲಿಸಿದ ಗುರು ಒಬ್ಬನೇ ಇರಬೇಕು. ಮುಂದಿನಿಂದ ಒಂದೇ ಫೋಟೊ. ಅದರಲ್ಲಿ ಹೊಂಬಣ್ಣದ 'ಸಿಂಗರ್' ಅಕ್ಷರ ಫಳಫಳ, ಹಿನ್ನೆಲೆಯಲ್ಲಿ ಒಣಗಲು ಹಾಕಿದ ಲುಂಗಿ. ಮಾಡೆಲ್ ನಂಬರಿನ ಪುಟ್ಟ ತಗಡು, ಸೀರಿಯಲ್ ನಂಬರು, ಸೂಜಿ, ಅದರ ಕೆಳಗೆ ದಾರ ಹಿಡಿಯುವ ಶಟಲ್, ಬೇಕಾದ್ದು ಯಾವುದೂ ಇಲ್ಲ. ಲುಂಗಿಯ ಚೌಕಳಿ ಮಾತ್ರ ಎಣಿಸುವಷ್ಟು ಸ್ಪಷ್ಟ. ಕೆಳಗೆ ಒಕ್ಕಣೆ: 'ಹೆವಿ ಡ್ಯೂಟಿ ಇಂಡಸ್ಟ್ರಿಯಲ್, 1851 ಮಾಡೆಲ್, ಅರ್ಜೆಂಟ್ ಸೇಲ್.'

1851 ಅಂದರೆ ಸಿಂಗರ್ ಕಂಪನಿ ಹುಟ್ಟಿದ ವರ್ಷ. ನೂರು ತುಂಬಿದಾಗ ಮಷೀನಿನ ಬಿಲ್ಲೆ ಮೇಲೆ '1851–1951' ಅಂತ ಅಚ್ಚು ಹಾಕಿಸಿದರು. ಮಾರುವವನು ಮೊದಲರ್ಧ ಮಾತ್ರ ಓದಿ, ಮಷೀನಿನ ವಯಸ್ಸಿಗೂ ಬೆಲೆಗೂ ನೂರು ಕೂಡಿಸಿಬಿಡುತ್ತಾನೆ. ಇನ್ನೊಬ್ಬ ಬಿಡಿಭಾಗದ ಮೇಲೆ 'ಸಿಮಾನ್ಕೊ' ಅಂತ ಓದಿ 'ಅಪರೂಪದ ಸಿಮಾನ್ಕೊ ಕಂಪನಿ' ಅಂತಾನೆ. ಅದು ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯದೇ ಮೊಟಕು ಹೆಸರು. ಅದರ ಪಕ್ಕದ ಅಂಕಿ ಆ ಸ್ಕ್ರೂವಿನದೋ ತಟ್ಟೆಯದೋ ಪಾರ್ಟ್ ನಂಬರು. ಅದನ್ನು ಮಾಡೆಲ್ ಅಂದುಕೊಂಡು ಹುಡುಕಿದರೆ ಜನ್ಮವಿಡೀ ಹುಡುಕಬಹುದು.

ಮಾಡೆಲ್ ಯಾವುದಪ್ಪ, 31ಕೆ ಏನು ಅಂತ ಕೇಳಿ ನೋಡಿ. 'ಅಯ್ಯೋ, ಮೂವತ್ತೊಂದು ಸಾವಿರ ಎಲ್ಲ ಬೇಡ ಸಾರ್, ಎಂಟು ಕೊಡಿ ಸಾಕು!' ಇಲ್ಲಿ ಕೆ ಅಂದರೆ ಕಿಲ್‌ಬೋವಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಾರ್ಖಾನೆ. 1980ರಲ್ಲಿ ಮುಚ್ಚಿತು. ಡಬ್ಲ್ಯೂ ಇದ್ದರೆ ಅಮೆರಿಕದ ಬ್ರಿಜ್‌ಪೋರ್ಟಿನದು. ಮಾಡೆಲ್ ನಂಬರು ಮಷೀನಿನ ಕಸುಬು ಹೇಳುತ್ತದೆ, ಸೀರಿಯಲ್ ನಂಬರು ವಯಸ್ಸು ಹೇಳುತ್ತದೆ. ಕ್ಲೈಡ್‌ಬ್ಯಾಂಕ್‌ದಾಗಿದ್ದು ಸೀರಿಯಲ್ಲು ಇಂಗ್ಲಿಷಿನ 'ಇ'ಯಿಂದ ಶುರುವಾಗುವ ಜೋಡಿ ಅಕ್ಷರವಾದರೆ ಅದು 1930ರ ದಶಕದ ನಡುವಿನಿಂದ ಈಚೆಯದು. ಆ ಸಂಖ್ಯೆ ಉಜ್ಜಿಹೋಗಿ ಮೇಲೆ ಹೊಸ ಕಪ್ಪು ಪೇಂಟು ಹೊಳೀತಿದ್ದರೆ ನಮಸ್ಕಾರ ಹಾಕಿ ಬನ್ನಿ.

ಕಪ್ಪಗೆ, ಭಾರವಾಗಿ ಇದ್ದದ್ದೆಲ್ಲ ಇಂಡಸ್ಟ್ರಿಯಲ್ ಅಲ್ಲ, ಅಜ್ಜಿ ಲಂಗ ಹೊಲಿಯುತ್ತಿದ್ದ ಮಷೀನೂ ಕಪ್ಪಗೇ ಇತ್ತು. ಮಷೀನಿನ ತಳದ ತಟ್ಟೆಗೆ ಟೇಪು ಹಿಡಿಯಿರಿ. ಅಗಲ ಎರಡಕ್ಕೂ ಸುಮಾರು 7 ಇಂಚು, ಉದ್ದದಲ್ಲಿ ಗುಟ್ಟು ರಟ್ಟಾಗುತ್ತದೆ. ಮನೆಯದು ಸುಮಾರು 14½ ಇಂಚು, ಕಾರ್ಖಾನೆಯದು ಸಾಮಾನ್ಯವಾಗಿ 18¾. ಬಾಬಿನ್ (ಕೆಳಗಿನ ದಾರದ ಉರುಳೆ) ಸುತ್ತುವ ಸಾಧನ ಮಷೀನಿಗೇ ಅಂಟಿಕೊಂಡಿದ್ದರೆ, ಚಕ್ರದ ನಡುವೆ ಸಡಿಲಿಸುವ ತಿರುಪಿದ್ದರೆ, ಸೂಜಿಯ ಬುಡ ಒಂದು ಕಡೆ ಚಪ್ಪಟೆಯಾಗಿದ್ದರೆ ಅದು ಮನೆಯದು. ಕಾರ್ಖಾನೆಯದಕ್ಕೆ ಸೂಜಿ ಗುಂಡು ಬುಡದ್ದು, ಚಕ್ರಕ್ಕೆ ಆ ತಿರುಪಿಲ್ಲ, ಬಾಬಿನ್ ಸುತ್ತೋದು ಟೇಬಲ್ ಮೇಲೆ, ಬೆಲ್ಟಿನ ಪಕ್ಕ.

ಇನ್ನು ಯಾವುದಕ್ಕೆ ಯಾವುದು. 31 ಟೈಲರ್ ಮಷೀನು, ಶಟಲ್ ಅರ್ಧ ಸುತ್ತು ಹೋಗಿ ವಾಪಸ್ ಬರುವ ಹಾಫ್ ಶಟಲ್. ಪ್ಯಾಂಟು, ಕೋಟು ಅಂದರೆ ಪ್ರಾಣ. ಆದರೆ ಹಳೆಯ 31-15ಕ್ಕೆ ರಿವರ್ಸ್ ಇಲ್ಲ. 95, 96 ಪೂರ್ತಿ ಸುತ್ತುವ ಫುಲ್ ಶಟಲ್, ವೇಗ ಹೆಚ್ಚು. ಇವು ಬಟ್ಟೆಯನ್ನು ಕೆಳಗಿನ ಹಲ್ಲಿನಿಂದ ಮಾತ್ರ ಎಳೆಯೋದರಿಂದ ಎರಡು ಪದರ ಚರ್ಮ ಇಟ್ಟರೆ ಮೇಲಿನ ಪದರ ಹಿಂದೆ ಬೀಳುತ್ತೆ. ಬ್ಯಾಗು, ಸೋಫಾ ಕವರ್ ಹೊಲಿಯುವವರಿಗೆ ಬಟ್ಟೆ ಒತ್ತಿ ಹಿಡಿಯುವ ಪಾದವೂ ಸೂಜಿಯೂ ಜೊತೆಗೆ ನಡೆಯುವ 111ಡಬ್ಲ್ಯೂ155 ಥರದ್ದೇ ಆಗಬೇಕು. ಚಪ್ಪಲಿ ರಿಪೇರಿಯ 29ಕೆ ಪಾದ ಸುತ್ತಲೂ ತಿರುಗುವ ಚಂದಕ್ಕೆ ಮರುಳಾಗಿ ಅದರಲ್ಲಿ ಬ್ಯಾಗ್ ವ್ಯಾಪಾರ ಶುರುಮಾಡುವವರಿದ್ದಾರೆ. ಅದು ತೇಪೆ ಹಾಕೋ ಯಂತ್ರ. ಸವೆದ 29ಕೆಯಲ್ಲಿ ಹೊಲಿಗೆ ಗಿಡ್ಡವಾಗುತ್ತಾ ಹೋಗುತ್ತೆ, ಹೊಲಿಗೆಯ ಉದ್ದ ಹೊಂದಿಸುವ ತಿರುಪು ಎಷ್ಟು ತಿರುಗಿಸಿದರೂ ಜಗ್ಗಲ್ಲ.

ಈಗ ಮುಖ್ಯ ವಿಷಯ, ಚಕ್ರ.

'ಕಂಡೀಷನ್ ಹೇಗಿದೆ?' ಅಂದರೆ ಒಂದು ವಿಡಿಯೊ ಬರುತ್ತದೆ. ಒಂದು ಕೈ, ಒಂದು ಚಕ್ರ, ಹನ್ನೊಂದು ಸೆಕೆಂಡು. ಸೂಜಿ ಇಲ್ಲ, ದಾರ ಇಲ್ಲ, ಪಾದ ಎತ್ತಿದೆ. 'ನೋಡಿ ಸಾರ್, ಬೆಣ್ಣೆ!' ಹೊಲಿದು ತೋರಿಸಿ ಅಂದರೆ ಇನ್ನೊಂದು ವಿಡಿಯೊ, ಈ ಸಲ ಉಲ್ಟಾ ದಿಕ್ಕಿಗೆ. ಬೆಣ್ಣೆಯ ಹಾಗೆ ತಿರುಗುವುದಕ್ಕೆ ಕಾರಣ ಮೂರಿರಬಹುದು. ಮಷೀನು ನಿಜಕ್ಕೂ ಚೆನ್ನಾಗಿರಬಹುದು. ಒಳಗಿನ ಕಡ್ಡಿಗಳು ತಿರುಗುವ ಬುಷ್‌ಗಳೆಲ್ಲ ಸವೆದು ಸಡಿಲಾಗಿರಬಹುದು. ಇಲ್ಲವೇ ನಿನ್ನೆ ರಾತ್ರಿ ಸೀಮೆಎಣ್ಣೆ ಸುರಿದಿರಬಹುದು. ಮೂರನೆಯದು ನಮ್ಮಲ್ಲಿ ಹೆಚ್ಚು, ಯಾಕಂದ್ರೆ ಅದಕ್ಕೂ ಮೊದಲು ಇಪ್ಪತ್ತು ವರ್ಷ ಆ ಮಷೀನಿಗೆ ಕೊಬ್ಬರಿ ಎಣ್ಣೆಯ ಅಭ್ಯಂಜನ ಆಗಿರುತ್ತದೆ. ಧನುರ್ಮಾಸದ ಚಳಿಗೆ ಅದು ಹೆಪ್ಪುಗಟ್ಟಿ, ವರ್ಷ ಕಳೆದಂತೆ ಅಂಟಾಗಿ, ಕೊನೆಗೆ ಚಕ್ರ ಅಲುಗದ ಹಾಗಾಗಿರುತ್ತದೆ. ಸೀಮೆಎಣ್ಣೆ ಆ ಅಂಟನ್ನು ಬಿಡಿಸುತ್ತೆ ನಿಜ, ಆದರೆ ಆರಿದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಮಷೀನ್ ಎಣ್ಣೆ ಹಾಕಬೇಕು ಅನ್ನೋದು ವಿಡಿಯೊ ಮುಗಿದ ಮೇಲಿನ ಕಥೆ.

ಅದಕ್ಕೇ ನೀವೇ ಹೋಗಿ, ಎರಡು ಬಣ್ಣದ ದಾರ ಜೇಬಿನಲ್ಲಿಟ್ಟುಕೊಂಡು. ಮೇಲೆ ಕೆಂಪು, ಬಾಬಿನ್‌ಗೆ ಬಿಳಿ. ಹಳೇ ಜೀನ್ಸಿನ ತುಂಡನ್ನು ಎರಡು ಪದರದಿಂದ ನಾಲ್ಕು ಪದರಕ್ಕೆ ಹತ್ತಿಸಿ ಹೊಲಿಯಿರಿ. ಬಿಳಿ ಮೇಲೆ ಇಣುಕಿದರೆ ಟೆನ್ಷನ್, ಅಂದರೆ ದಾರದ ಬಿಗಿತದ ದೋಷ, ಅದು ತಿರುಪಿನಲ್ಲೇ ಸರಿಹೋಗಬಹುದು. ಹೊಲಿಗೆ ಹಾರಿದರೆ ಶಟಲ್ ಕಡೆ ನೋಡಿ. ಸೂಜಿ ಕೆಳಗಿನಿಂದ ಸುಮಾರು 2 ಮಿ.ಮೀ. ಮೇಲೇಳುವಾಗ ಶಟಲ್‌ನ ಮೊನೆ ಸೂಜಿಯ ಕಣ್ಣಿನ ಸ್ವಲ್ಪ ಮೇಲೆ, ಕಾಗದದಷ್ಟು ಸಂದಿನಲ್ಲಿ ಹಾದು ಹೋಗಬೇಕು. ಮೊನೆ ಮೊಂಡಾಗಿದ್ದರೆ ದಾರ ಹಿಡಿಯಲ್ಲ. ಸೂಜಿ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಹಲ್ಲು ನೋವಿನವರ ಹಲ್ಲಿನಂತೆ ಅಲ್ಲಾಡಿದರೆ ಬೆಲೆಯೂ ಅಲ್ಲಾಡಬೇಕು. ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸಿನಿಂದ ಬಂದದ್ದಾದರೆ ಬಗ್ಗಿ ಮೋಟರಿನ ತಗಡು ಓದಿ. 3 ಫೇಸ್, 415 ವೋಲ್ಟ್ ಅಂತಿದ್ದರೆ ಮನೆಯ ಪ್ಲಗ್ಗಿಗೆ ಹಾಕುವ ಹಾಗಿಲ್ಲ.

ಮೊಬೈಲನ್ನು ಸೂಜಿ ಹತ್ತಿರ ಹಿಡಿದು ಪರೀಕ್ಷೆ ಮಾಡುವವರು ಕಂಡರೆ ಗಾಬರಿಯಾಗಬೇಡಿ. 2009ರಲ್ಲಿ ಸೌದಿಯಲ್ಲಿ ಹಳೇ ಸಿಂಗರ್ ಒಳಗೆ 'ಕೆಂಪು ಪಾದರಸ' ಅನ್ನೋ ಭಾರೀ ಬೆಲೆಯ ಪದಾರ್ಥ ಇದೆ, ಇದ್ದರೆ ಫೋನ್ ಲೈನು ಕಟ್ಟಾಗುತ್ತೆ ಅಂತ ಗಾಳಿಸುದ್ದಿ ಹಬ್ಬಿ, ಗುಜರಿ ಮಷೀನಿಗೆ ಬಂಗಾರದ ಬೆಲೆ ಬಂದಿತ್ತು. ಒಳಗೆ ಸಿಗೋದು ಹತ್ತಿಯ ಧೂಳು, ಮುರಿದ ಸೂಜಿ, ಒಮ್ಮೊಮ್ಮೆ ಹುಕ್ಕು.

ಒಳ್ಳೆಯ ಹಳೇ ಮಷೀನಿನಲ್ಲಿ ಒಂದು ಜಾಗ ಇರುತ್ತದೆ. ಪಾದದ ಮುಂದೆ, ಕೊಂಚ ಎಡಕ್ಕೆ, ಅಂಗೈಯಗಲ. ಅಲ್ಲಿ ಬಣ್ಣ, ಹೂಬಳ್ಳಿ ಎಲ್ಲ ಹೋಗಿ ಕಬ್ಬಿಣ ನುಣ್ಣಗೆ ಬೆಳ್ಳಗಾಗಿರುತ್ತದೆ. ಯಾರೋ ಒಬ್ಬರ ಎಡಗೈ ದಿನಾ ಬಟ್ಟೆ ಸರಿಸಿ ಸರಿಸಿ ಮಾಡಿದ ಗುರುತು. ಅಷ್ಟು ವರ್ಷ ದುಡಿದು ಅನ್ನ ಹಾಕಿದ ಮಷೀನು ಅದು. ಮಾರುವವನು ಮೊದಲು ಪೇಂಟು ಬಳಿಯೋದು ಆ ಜಾಗಕ್ಕೇ.

'ಪೇಂಟು ಬೇಡಪ್ಪ, ಹಾಗೇ ಕೊಡು, ಒಂದು ಗೇಣು ಹೊಲಿದು ಫೋಟೊ ಕಳಿಸು' ಅಂತ ಮೆಸೇಜು ಹಾಕಿದರೆ ತಕ್ಷಣ ಎರಡು ನೀಲಿ ಗೆರೆ. ಹಿಂದೆಯೇ ವಿಡಿಯೊ. ಲುಂಗಿ ಬದಲಾಗಿದೆ. ಚಕ್ರ ತಿರುಗುತ್ತಿದೆ.