ಆ ಸೇತುವೆ ಕರೆಂಟ್ ತಯಾರಿಸುವುದಿಲ್ಲ

ಸ್ವಿಟ್ಜರ್‌ಲೆಂಡಿನಲ್ಲಿ ಡಾಂಬರು ರಸ್ತೆಯ ಬಿಸಿಯಿಂದಲೇ ಕರೆಂಟ್ ತೆಗೆದು ಊರಿಗೆಲ್ಲ ಕೊಡುತ್ತಾರಂತೆ ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ನಿಜ, ಉಳಿದದ್ದು ಒಗ್ಗರಣೆ.

ರಸ್ತೆ ಇರುವುದು ನಿಜ. ಇಂಟರ್‌ಲಾಕನ್ ಹತ್ತಿರದ ಡೇರ್ಲಿಗನ್‌ನಲ್ಲಿ, ಎ8 ಹೆದ್ದಾರಿಯ ಒಂದು ಸೇತುವೆ. 1994ರಲ್ಲಿ ಅಲ್ಲಿ ಕೂರಿಸಿದ ವ್ಯವಸ್ಥೆಯ ಹೆಸರು ಸೆರ್ಸೊ. ಡಾಂಬರಿನ ಅಡಿಯಲ್ಲಿ ಕೊಳವೆಗಳ ಜಾಲವಿದೆ. ಬೇಸಿಗೆಯಲ್ಲಿ ಅದರೊಳಗೆ ಹರಿಯುವ ದ್ರವ ರಸ್ತೆಯ ಕಾವನ್ನು ಹೀರಿಕೊಂಡು ಪಕ್ಕದ ಬಂಡೆಯೊಳಗೆ ಇಳಿಸುತ್ತದೆ. ಅದಕ್ಕೆಂದೇ 65 ಮೀಟರ್ ಆಳದ 91 ಬೋರ್ ಕೊರೆದಿದ್ದಾರೆ. ನಾವು ಬೋರ್ ಕೊರೆಸುವುದು ನೀರಿಗೆ, ಅವರು ಕೊರೆಸಿದ್ದು ಬಿಸಿ ಬಚ್ಚಿಡೋಕೆ! ಚಳಿಗಾಲದಲ್ಲಿ ಅದೇ ಕಾವು ಮೇಲೆ ಬಂದು, ಸೇತುವೆಯ ಮೇಲೆ ಮಂಜುಗಡ್ಡೆ ಕಟ್ಟದಂತೆ ತಡೆಯುತ್ತದೆ.

ಅಷ್ಟೇ ಕೆಲಸ. ಕರೆಂಟ್ ಹುಟ್ಟುವುದಿಲ್ಲ. ಉಲ್ಟಾ, ಪಂಪ್ ಓಡಿಸಲು ಕರೆಂಟ್ ಬೇಕು. ಬಿಸಿಲಲ್ಲಿ ಕಾದ ಡಾಂಬರು ಬರಿಗಾಲು ಸುಡುತ್ತದೆ ನಿಜ, ಆದರೆ ಉಗಿ ಎಬ್ಬಿಸಿ ಟರ್ಬೈನ್ ತಿರುಗಿಸುವಷ್ಟು ಕಾವು ಅದಕ್ಕೆಲ್ಲಿ?

ಗೊಂದಲಕ್ಕೆ ಬಹುಶಃ ಫ್ರಾನ್ಸ್ ಕಾರಣ. ಅಲ್ಲಿನ ಟುರೂವ್ರ್‌ನಲ್ಲಿ 2016ರಲ್ಲಿ ಒಂದು ಕಿಲೋಮೀಟರ್ ರಸ್ತೆಗೆ ಸೋಲಾರ್ ಫಲಕ ಅಂಟಿಸಿದ್ದರು. ಅದು ಬೆಳಕಿನಿಂದ ಕರೆಂಟ್ ತೆಗೆಯುವ ಪ್ರಯತ್ನ, ಬಿಸಿಯಿಂದಲ್ಲ. ಅಂದುಕೊಂಡಷ್ಟು ಕರೆಂಟ್ ಅದೂ ಕೊಡಲಿಲ್ಲ.