ಟೊಮೆಟೊ ಮ್ಯಾನೇಜ್‌ಮೆಂಟ್: ಮೊದಲ ಪಾಠ

ಸರಿಯಾದ ಮಾಲು, ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ, ಸರಿಯಾದ ಬೆಲೆಗೆ ತಲುಪಬೇಕು. ಬೆಳೆದಲ್ಲಿಂದ ಗಿರಾಕಿಯವರೆಗೆ ಮಾಲು ಮುಟ್ಟಿಸುವ ಸಪ್ಲೈ ಚೈನ್ ಪಾಠ ಶುರುವಾಗುವುದೇ ಹೀಗೆ. ಇದನ್ನು ಕಲಿಯೋಕೆ ಲಕ್ಷಗಟ್ಟಲೆ ಫೀಸು ಕಟ್ಟುವ ಹುಡುಗರಿಗೆ ನನ್ನದೊಂದು ಸಲಹೆ. ಬೆಂಗಳೂರಿನಿಂದ ಬಸ್ ಹತ್ತಿ ಕೋಲಾರದ ಎಪಿಎಂಸಿಗೆ ಹೋಗಿ ಬನ್ನಿ. ಈ ನಾಲ್ಕೂ ಒಂದೇ ಅಂಗಳದಲ್ಲಿ ಕೈಕೊಡುವುದನ್ನು ಪುಕ್ಕಟೆಯಾಗಿ ನೋಡಬಹುದು.

ಅಲ್ಲಿ 15 ಕೆಜಿ ಟೊಮೆಟೊ ಬಾಕ್ಸುಗಳು ಸಾಲಾಗಿ ಕೂತಿರುತ್ತವೆ. ಮೇಲುಗಡೆ ದುಂಡನೆಯ, ಗಟ್ಟಿ ಹಣ್ಣು. ಹರಾಜು ಕೂಗುವವನು ಮುಂದೆ ಮುಂದೆ, ವ್ಯಾಪಾರಿಗಳು ಹಿಂದೆ ಹಿಂದೆ. ಒಂದು ಹಣ್ಣನ್ನು ಎತ್ತಿ ಒತ್ತಿ ನೋಡುತ್ತಾರೆ, ರೇಟು ಕೂಗುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಸಸಿ ನೆಟ್ಟು, ಕೋಲು ಊರಿ, ದಾರ ಕಟ್ಟಿ, ಔಷಧಿ ಹೊಡೆದು ತಿಂಗಳುಗಟ್ಟಲೆ ಕಾದವನು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ತನ್ನ ಮಾಲಿನ ಬೆಲೆ ಅವನಿಗೇ ಕೊನೆಗೆ ಗೊತ್ತಾಗುವುದು. ಕಾರು ಕಂಪನಿಯ ಯಜಮಾನರು ಶೋರೂಮಿನ ಮೂಲೆಯಲ್ಲಿ ನಿಂತು 'ಇವತ್ತು ಎಷ್ಟಕ್ಕೆ ಹೋಗುತ್ತೋ ಶಿವನೇ' ಅಂದಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

2023ರ ಜುಲೈ ನೆನಪಿದೆ ಅಲ್ವಾ? ಇದೇ ಅಂಗಳದಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಉತ್ತರ ಮತ್ತು ಪೂರ್ವ ಭಾರತದ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಬರ್ಗರಿನಿಂದ ಟೊಮೆಟೊ ತೆಗೆದುಬಿಟ್ಟವು. ಬೇಲೂರು ತಾಲ್ಲೂಕಿನ ಹೊಲವೊಂದರಲ್ಲಿ ರಾತ್ರೋರಾತ್ರಿ ಟೊಮೆಟೊ ಕಳುವಾಗಿ ಪೊಲೀಸ್ ಕೇಸೇ ಆಯಿತು. ನಿಜ ಹೇಳಬೇಕೆಂದರೆ, ಆ ವರ್ಷ ದಕ್ಷವಾದ ಸಪ್ಲೈ ಚೈನ್ ಕಟ್ಟಿದವರು ಆ ಕಳ್ಳರೇ. ಹೊಲದಿಂದಲೇ ನೇರ ಸಂಗ್ರಹ, ಕಮಿಷನ್ ಇಲ್ಲ, ಮಧ್ಯವರ್ತಿ ಇಲ್ಲ, ತಡವೂ ಇಲ್ಲ. ಸರ್ಕಾರದ ಎಷ್ಟೋ ವರದಿಗಳು ಬೇಡಿಕೊಂಡಿದ್ದೂ ಇದನ್ನೇ.

ದೆಹಲಿ ಕೂಡ ಸುಮ್ನೆ ಕೂರಲಿಲ್ಲ. ಗ್ರಾಹಕರ ಸಹಕಾರ ಸಂಘಗಳ ರಾಷ್ಟ್ರೀಯ ಒಕ್ಕೂಟವಾದ ಎನ್‌ಸಿಸಿಎಫ್‌ನ ವ್ಯಾನುಗಳು ಅಗ್ಗದ ಟೊಮೆಟೊ ಹೊತ್ತು ಬೀದಿಗಿಳಿದವು. ಕೆಜಿಗೆ 90, ಆಮೇಲೆ 80, ಆಮೇಲೆ 70. ಆಗಸ್ಟಿನಲ್ಲಿ ನೇಪಾಳದಿಂದಲೂ ಟೊಮೆಟೊ ತರಿಸುವುದಾಗಿ ಸಂಸತ್ತಿನಲ್ಲೇ ಹೇಳಿದರು. ಇಷ್ಟೊಂದು ಚುರುಕು ಕಂಡು ನನಗಂತೂ ಖುಷಿಯಾಯಿತು. ಸೆಪ್ಟೆಂಬರಿಗೆ ಬೆಲೆ ನೆಲ ಕಚ್ಚಿತು. ರೈತನ ಹತ್ತಿರ ಒಳ್ಳೆ ಬೆಲೆಗೆ ಕೊಂಡುಕೊಳ್ಳುವ ವ್ಯಾನು ಬೀದಿಗಿಳಿದಿದ್ದು ಮಾತ್ರ ಕಾಣಲಿಲ್ಲ. ಡೀಸೆಲ್ ಮುಗಿದಿರಬೇಕು.

ಬೆಲೆ ಬಿದ್ದಿದ್ದು ಯಾಕೆ? ಜುಲೈಯ ರೇಟು ಕೇಳಿ ಎಲ್ಲರೂ ಒಟ್ಟಿಗೆ ಸಸಿಗೆ ಓಡಿದ್ದರು. ನಾಟಿ ಮಾಡಿದ ಗಿಡ ಹಣ್ಣು ಬಿಡೋಕೆ ಎರಡು ತಿಂಗಳಿಗಿಂತ ಜಾಸ್ತಿ ಬೇಕು. ಅಷ್ಟರಲ್ಲಿ ಎಲ್ಲರ ಹಣ್ಣೂ ಒಟ್ಟಿಗೇ ಬಂತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ಸುಮಾರಿಗೆ ಇದನ್ನೇ ಕಲಿಸೋಕೆ 'ಬಿಯರ್ ಗೇಮ್' ಅಂತ ಒಂದು ಆಟ ಕಟ್ಟಿದರು. ಒಬ್ಬ ಅಂಗಡಿಯವನು, ಒಬ್ಬ ಸಗಟು ವ್ಯಾಪಾರಿ, ಒಬ್ಬ ಡಿಸ್ಟ್ರಿಬ್ಯೂಟರ್, ಒಬ್ಬ ಕಾರ್ಖಾನೆಯವನು. ಒಬ್ಬರೊಂದಿಗೊಬ್ಬರು ಮಾತಾಡುವ ಹಾಗಿಲ್ಲ, ಆರ್ಡರ್ ಚೀಟಿ ಮಾತ್ರ ದಾಟಿಸಬೇಕು. ಗಿರಾಕಿ ಒಂದು ಸಲ ಸ್ವಲ್ಪ ಜಾಸ್ತಿ ಕೇಳಿದರೆ ಸಾಕು, ಕಾರ್ಖಾನೆ ಮುಟ್ಟುವ ಹೊತ್ತಿಗೆ ಅದು ದೊಡ್ಡ ಗಾಬರಿಯಾಗಿರುತ್ತದೆ. ಮೊದಲು ಮಾಲೇ ಇಲ್ಲ, ಆಮೇಲೆ ಗೋಡೌನು ತುಂಬಿ ತುಳುಕುತ್ತದೆ. ಇದಕ್ಕೆ ಬುಲ್‌ವಿಪ್ ಎಫೆಕ್ಟ್ ಅಂತಾರೆ. ಅಲ್ಲಿನ ವಿದ್ಯಾರ್ಥಿಗಳು ಆಟ ಮುಗಿಸಿ ನಗುತ್ತಾ ಕಾಫಿಗೆ ಹೋಗುತ್ತಾರೆ. ನಮ್ಮಲ್ಲಿ ಆಟ ಮುಗಿದ ಮೇಲೆ ಸೊಸೈಟಿಯಿಂದ ನೋಟಿಸು ಬರುತ್ತದೆ.

'ಏನ್ರೀ ಮಾಡೋಕಾಗುತ್ತೆ, ಟೊಮೆಟೊ ಬೇಗ ಕೊಳೆಯುತ್ತೆ' ಅಂತಾರೆ ತಿಳಿದವರು. ಹೌದಾ? ಹಾಗಾದರೆ ಹಾಲು? ಬಿಸಿಲಿಗಿಟ್ಟರೆ ಅದು ಮಧ್ಯಾಹ್ನದೊಳಗೆ ಒಡೆಯುತ್ತದೆ. ಅದೇ ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೈರಿ ಮುಂದೆ ಹೆಂಗಸರು ಕ್ಯಾನು ಹಿಡಿದು ನಿಲ್ಲುತ್ತಾರೆ. ಅಳತೆ ಆಗುತ್ತದೆ, ಫ್ಯಾಟು ನೋಡುತ್ತಾರೆ, ರೇಟು ಮೊದಲೇ ಗೊತ್ತು, ದುಡ್ಡು ಬ್ಯಾಂಕಿಗೆ. ಲೀಟರಿಗೆ ಇನ್ನೊಂದೆರಡು ರೂಪಾಯಿ ಬೇಕು ಅನ್ನುವ ಜಗಳ ಇದ್ದೇ ಇದೆ. ಆದರೆ ಇವತ್ತು ಹಾಲು ಜಾಸ್ತಿಯಾಯಿತು, ರಸ್ತೆಗೆ ಸುರಿದು ಹೋಗು ಅಂತ ಡೈರಿ ಸೆಕ್ರೆಟರಿ ಹೇಳುವುದಿಲ್ಲ. ಹಸುವಿಗೆ ಸಿಕ್ಕ ವ್ಯವಸ್ಥೆ ಅದರ ಪಕ್ಕದ ಗಿಡಕ್ಕೆ ಸಿಗಲಿಲ್ಲ.

2018ರ ಕೇಂದ್ರ ಬಜೆಟ್ಟಿನಲ್ಲಿ ಹಾಲಿನ ಕ್ರಾಂತಿ ತಂದ ಆಪರೇಷನ್ ಫ್ಲಡ್ ಮಾದರಿಯಲ್ಲೇ 'ಆಪರೇಷನ್ ಗ್ರೀನ್ಸ್' ಘೋಷಿಸಿದ್ದರು. ಟೊಮೆಟೊ, ಈರುಳ್ಳಿ, ಆಲೂಗಡ್ಡೆಗೆ 500 ಕೋಟಿ. ಆರು ವರ್ಷ ಬಿಟ್ಟು, 2024ರಲ್ಲಿ ರಿಸರ್ವ್ ಬ್ಯಾಂಕಿನ ಒಂದು ಅಧ್ಯಯನ ಬಂತು. ಗಿರಾಕಿ ಟೊಮೆಟೊಗೆ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಿಗುವುದು 33 ಪೈಸೆಯ ಆಸುಪಾಸು ಅಂತ ಲೆಕ್ಕ ಹಾಕಿತ್ತು. ಉಳಿದ 67 ಪೈಸೆ ಮ್ಯಾನೇಜ್‌ಮೆಂಟಿಗೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸಾರು ಕುದಿಯುವಾಗ ಟೊಮೆಟೊ ನೆನಪಾದರೆ ಮೊಬೈಲು ಒತ್ತಿದ ಹತ್ತು ನಿಮಿಷಕ್ಕೆ ಹುಡುಗ ಬಾಗಿಲಲ್ಲಿರುತ್ತಾನೆ. ಆ ಬೀದಿಯವರು ಶನಿವಾರ ಎಷ್ಟು ಟೊಮೆಟೊ ತರಿಸುತ್ತಾರೆ ಅಂತ ಕಂಪ್ಯೂಟರು ಮೊದಲೇ ಅಂದಾಜು ಹಾಕುತ್ತದೆ. ಈ ಸೀಸನ್ನಿಗೆ ಯಾವ ತಾಲ್ಲೂಕಿನಲ್ಲಿ ಎಷ್ಟು ಎಕರೆ ಟೊಮೆಟೊ ನಾಟಿಯಾಗಿದೆ ಅಂತ ಹೇಳೋಕೆ ಮಾತ್ರ ಯಾವ ಕಂಪ್ಯೂಟರಿಗೂ ಪುರುಸೊತ್ತಿಲ್ಲ. ಹಾಗಾಗಿ ಸಾಹೇಬರು ಹಳ್ಳಿಗೆ ಬಂದರೆ ಮಾತುಕತೆ ಹೀಗೇ ಇರುತ್ತದೆ.

"ಈ ಸಲ ಏನು ಹಾಕ್ಲಿ ಸಾರ್?"

"ಮಾರ್ಕೆಟ್ ನೋಡ್ಕೊಂಡು ಹಾಕಿ."

"ಮಾರ್ಕೆಟ್ ಹೇಗೆ ನೋಡೋದು ಸಾರ್?"

"ಅಕ್ಕಪಕ್ಕದವರು ಏನು ಹಾಕಿದ್ದಾರೆ ವಿಚಾರಿಸ್ರೀ."

"ವಿಚಾರಿಸ್ದೆ ಸಾರ್. ನಾನೇನು ಹಾಕ್ತೀನಿ ಅಂತ ಕಾಯ್ತಾವ್ರಂತೆ."